ಭಾರಿ ಲಾರಿಗಳಿಗೆ ನೋ ಎಂಟ್ರಿ: ಒಂದು ನಗರಸಭೆ ಎರಡು ಸಲ ಬರೆದ ಆದೇಶ

ಈ ಪ್ರಕರಣದ ಊರಿನ ಹೆಸರು ಹೇಳುವುದಿಲ್ಲ. ಜನರ ಹೆಸರೂ ಇಲ್ಲ, ರಸ್ತೆಗಳಿಗೂ ನಾನೇ ಬೇರೆ ಹೆಸರು ಇಟ್ಟಿದ್ದೇನೆ. ಆಗ ನಾನು ನಗರಸಭೆಯ ಸಂಚಾರ ಸಮಿತಿಗೆ ಟಿಪ್ಪಣಿ ಬರೆದುಕೊಡುವ ಕೆಲಸದಲ್ಲಿದ್ದೆ. ಮೊದಲ ಆದೇಶದ ಕರಡು ಬರೆದದ್ದು ನಾನೇ. ಅದು ಕೈಕೊಟ್ಟಿತು. ಎಲ್ಲಿ ಕೈಕೊಟ್ಟಿತು, ಆಮೇಲೆ ಯಾವ ಪ್ರಶ್ನೆಯಿಂದ ದಾರಿ ಸಿಕ್ಕಿತು ಅನ್ನುವುದನ್ನು ಬರೆದಿಟ್ಟರೆ, ಇದೇ ಜಗಳ ಶುರುವಾಗಿರುವ ಬೇರೆ ಊರಿನವರಿಗೆ ಕೆಲವು ತಿಂಗಳಾದರೂ ಉಳಿಯಬಹುದು.

ಹಿನ್ನೆಲೆ

ಊರಿನ ಮಧ್ಯೆ ಮಾರುಕಟ್ಟೆ. ಒಂದು ತುದಿಯಲ್ಲಿ ಕಾರ್ಖಾನೆಗಳು, ಇನ್ನೊಂದು ತುದಿಯಲ್ಲಿ ಹೆದ್ದಾರಿ. ಎರಡನ್ನೂ ನೇರವಾಗಿ ಸೇರಿಸುವ ಒಂದು ಹಳೆಯ ರಸ್ತೆ. ಅದನ್ನು ನಡುರಸ್ತೆ ಅನ್ನೋಣ. ಎರಡೂ ಬದಿ ಮನೆ, ಅಂಗಡಿ, ಒಂದು ಶಾಲೆ. ಪಕ್ಕದಲ್ಲೇ ಅದಕ್ಕಿಂತ ಕಿರಿದಾದ ಇನ್ನೊಂದು ಬೀದಿ, ಅದು ಹಿಂಬೀದಿ. ಊರನ್ನು ಹೊರಗಿನಿಂದ ಬಳಸಿಕೊಂಡು ಹೋಗುವ ರಿಂಗ್ ರಸ್ತೆಯೂ ಇತ್ತು. ನಕ್ಷೆ ನೋಡಿದರೆ ಲಾರಿಗಳು ಅಲ್ಲೇ ಹೋಗಬೇಕಿತ್ತು. ಹೋಗುತ್ತಿರಲಿಲ್ಲ. ಯಾಕೆ ಹೋಗುತ್ತಿಲ್ಲ ಅಂತ ನಾವು ಯಾರೂ ಕೇಳಿರಲಿಲ್ಲ.

ದೂರುಗಳು ಹೊಸವಲ್ಲ. ರಾತ್ರಿ ಸದ್ದು, ದೂಳು, ಗೋಡೆಯಲ್ಲಿ ಬಿರುಕು. ಅರ್ಜಿಗಳು ಬರುತ್ತಿದ್ದವು, ಫೈಲಿಗೆ ಸೇರುತ್ತಿದ್ದವು. ಒಂದು ಬೆಳಿಗ್ಗೆ ಎಲ್ಲ ಬದಲಾಯಿತು. ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದ ಹುಡುಗಿ ಸಿಗ್ನಲ್ಲಿನಲ್ಲಿ ಒಂದು ಉದ್ದನೆಯ ಲಾರಿಯ ಪಕ್ಕದಲ್ಲಿ ನಿಂತಿದ್ದಳು. ಹಸಿರು ದೀಪ ಬಿತ್ತು, ಲಾರಿ ಅವಳ ಕಡೆಗೇ ತಿರುಗಿತು. ಅವಳು ಸೈಕಲ್ ಬಿಟ್ಟು ಫುಟ್‌ಪಾತಿಗೆ ಹಾರಿದಳು. ಸೈಕಲ್ ಹಿಂದಿನ ಚಕ್ರದ ಕೆಳಗೆ ಹೋಯಿತು. ಜನ ಕೂಗುವವರೆಗೂ ಡ್ರೈವರಿಗೆ ಏನಾಗಿದೆ ಅಂತಲೇ ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ನಾನು ಆ ಮೂಲೆಗೆ ಹೋಗಿ ನಿಂತೆ. ಉದ್ದದ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ತಿರುವಿನ ಒಳಭಾಗಕ್ಕೆ ಜರುಗುತ್ತವೆ. ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ಕಣ್ಣಿಗೆ ಕಂಡಿತು. ಫುಟ್‌ಪಾತಿನ ಮೂರು ಅಂಚುಕಲ್ಲುಗಳ ಮೂಲೆ ಸವೆದು ಗುಂಡಗಾಗಿತ್ತು. ಮೇಲೆಲ್ಲ ಟೈರಿನ ಕಪ್ಪು. ಒಂದು ಕಲ್ಲು ಒಡೆದಿತ್ತು, ಅದಕ್ಕೆ ಸಿಮೆಂಟು ಮೆತ್ತಿದ್ದರು, ಮೆತ್ತಿದ ಸಿಮೆಂಟೂ ಒಡೆದಿತ್ತು. ಅಂದರೆ ಲಾರಿಗಳು ಆ ಫುಟ್‌ಪಾತ್ ಹತ್ತಿ ಇಳಿಯುವುದು ಅವತ್ತಿನ ಮಾತಲ್ಲ. ಕಲ್ಲು ರಿಪೇರಿ ಮಾಡಿಸಿದವರು ನಾವೇ. ಯಾಕೆ ಒಡೆಯುತ್ತಿದೆ ಅಂತ ನೋಡಿರಲಿಲ್ಲ.

ಸಭೆಯಲ್ಲಿ ನಡೆದ ವಾದ

ಮುಂದಿನ ಸಭೆಗೆ ಕೂರಲು ಜಾಗ ಇರಲಿಲ್ಲ. ನಿವಾಸಿಗಳಿಗೆ ಬೇಕಾಗಿದ್ದು ಪೂರ್ತಿ ನಿಷೇಧ. ವ್ಯಾಪಾರಿಗಳು ಸರಕು ಆಕಾಶದಿಂದ ಇಳಿಯುತ್ತದಾ ಅಂತ ಕೇಳಿದರು. ಲಾರಿ ಮಾಲೀಕರದ್ದು ಡೀಸೆಲ್ ಮತ್ತು ಸಮಯದ ಲೆಕ್ಕ. ಎಲ್ಲರ ಮಾತಿನಲ್ಲೂ ನಿಜ ಇತ್ತು. ತೊಂದರೆ ಏನೆಂದರೆ, ಎಲ್ಲರೂ ‘ಭಾರಿ ಲಾರಿ’ ಅನ್ನುವ ಒಂದೇ ಪದ ಬಳಸುತ್ತಿದ್ದರು, ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ತೊಂದರೆ ಇತ್ತು.

ರಸ್ತೆ ಕಿತ್ತುಹೋಗುತ್ತದೆ ಅನ್ನುವವರಿಗೆ ಎಂಜಿನಿಯರ್ ಒಂದು ಹಳೆಯ ಪರೀಕ್ಷೆಯ ಕಥೆ ಹೇಳಿದರು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದು ಹಾಳಾಗುವವರೆಗೂ ಲಾರಿ ಓಡಿಸಿ ನೋಡಿದ್ದರು. ಅದರಿಂದ ಬಂದ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಒಂದು ಆಕ್ಸಲ್, ಅಂದರೆ ಎರಡೂ ಬದಿಯ ಚಕ್ರಗಳನ್ನು ಸೇರಿಸುವ ಅಚ್ಚು, ಅದರ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟಾಗುತ್ತದೆ. ಹಾಗಾಗಿ ಒಟ್ಟು ತೂಕ ಒಂದನ್ನೇ ನೋಡಿದರೆ ಸಾಲದು. 20 ಟನ್ ಲಾರಿಗೆ ಎರಡೇ ಆಕ್ಸಲ್ ಇದ್ದು, ಒಂದೊಂದರ ಮೇಲೆ 10 ಟನ್ ಬಿದ್ದರೆ ಒಂದು ಲೆಕ್ಕ. ಅದೇ 20 ಟನ್ ನಾಲ್ಕು ಆಕ್ಸಲ್‌ಗಳ ಮೇಲೆ ಸಮನಾಗಿ ಹಂಚಿದರೆ ಪೆಟ್ಟು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೇಳುತ್ತಿದ್ದ ಸದಸ್ಯರೊಬ್ಬರು ತಕ್ಷಣ, ಹಾಗಾದರೆ ಜಾಸ್ತಿ ಚಕ್ರದ ಉದ್ದ ಲಾರಿಯೇ ಒಳ್ಳೆಯದಲ್ವಾ ಅಂದರು. ರಸ್ತೆಯ ಡಾಂಬರಿಗೆ ಒಳ್ಳೆಯದು, ಹೌದು. ಸಿಗ್ನಲ್ಲಿನಲ್ಲಿ ನಿಂತ ಸೈಕಲ್ಲಿಗೆ ಅಲ್ಲ. ಉದ್ದ ಜಾಸ್ತಿಯಾದಷ್ಟೂ ಹಿಂದಿನ ಚಕ್ರ ಒಳಗೆ ಜರುಗುವುದು ಜಾಸ್ತಿ.

ಇಲ್ಲಿ ನಾವು ನಿಂತು ಯೋಚಿಸಬೇಕಿತ್ತು. ಡಾಂಬರು ಉಳಿಸಬೇಕಾದರೆ ಆಕ್ಸಲ್ ಭಾರಕ್ಕೆ ಮಿತಿ ಬೇಕು. ನಿದ್ದೆ ಉಳಿಸಬೇಕಾದರೆ ಹೊತ್ತಿಗೆ ಮಿತಿ ಬೇಕು. ಮಗುವನ್ನು ಉಳಿಸಬೇಕಾದರೆ ಉದ್ದಕ್ಕೆ, ತಿರುವಿಗೆ, ಡ್ರೈವರ್ ಕಣ್ಣಿಗೆ ಏನು ಕಾಣುತ್ತದೆ ಅನ್ನುವುದಕ್ಕೆ ನಿಯಮ ಬೇಕು. ಮೂರೂ ಬೇರೆ ಬೇರೆ. ಆದರೆ ಹೊರಗೆ ಜನ ಕಾಯುತ್ತಿದ್ದರು, ಒಳಗೆ ಎಲ್ಲರಿಗೂ ಅವತ್ತೇ ಏನಾದರೂ ಮಾಡಿದೆವು ಅಂತ ಹೇಳಬೇಕಿತ್ತು. ನಾನು ಒಂದು ಪುಟದ ಕರಡು ಬರೆದುಕೊಟ್ಟೆ. 12 ಟನ್ ಮೀರಿದ ವಾಹನಗಳಿಗೆ ನಡುರಸ್ತೆಯಲ್ಲಿ ಬೆಳಿಗ್ಗೆಯಿಂದ ರಾತ್ರಿ 9ರವರೆಗೆ ಪ್ರವೇಶ ಇಲ್ಲ. ಒಬ್ಬರೂ ವಿರೋಧಿಸಲಿಲ್ಲ. ಚಪ್ಪಾಳೆ ಬಿತ್ತು.

ಮೊದಲ ಆದೇಶಕ್ಕೆ ಏನಾಯಿತು

ಮೊದಲ ವಾರ ಹಗಲು ರಸ್ತೆ ನಿಜವಾಗಿಯೂ ಶಾಂತವಾಗಿತ್ತು. ಆಮೇಲೆ ಒಂದೊಂದಾಗಿ ಹೊರಗೆ ಬಂತು.

12 ಟನ್ ಅಂದರೆ ಯಾವ 12 ಟನ್? ಲೋಡ್ ಸೇರಿ ಆ ಕ್ಷಣಕ್ಕೆ ಇರುವ ತೂಕವೋ, ನೋಂದಣಿ ಪತ್ರದಲ್ಲಿ ಬರೆದಿರುವ ಗರಿಷ್ಠ ತೂಕವೋ? ಆದೇಶದಲ್ಲಿ ಬರೆದಿರಲಿಲ್ಲ. ಪೊಲೀಸರು ತಡೆದರೆ, ಲಾರಿ ಖಾಲಿ ಇದೆ ಸರ್, ಹತ್ತು ಟನ್ನೂ ಇಲ್ಲ ಅನ್ನುತ್ತಿದ್ದರು ಡ್ರೈವರುಗಳು. ಸುಳ್ಳಲ್ಲ. ರಸ್ತೆ ಬದಿಯಲ್ಲಿ ತೂಕ ಹಾಕುವ ಯಂತ್ರ ಯಾರ ಹತ್ತಿರವೂ ಇರಲಿಲ್ಲ. ಈ ತಪ್ಪು ಪೂರ್ತಿ ನನ್ನದು. ಸೇತುವೆಯ ಸಾಮರ್ಥ್ಯ ಕಾಪಾಡುವ ಫಲಕಕ್ಕೆ ನಿಜವಾದ ತೂಕ ಮುಖ್ಯ. ಬೀದಿಯ ನೆಮ್ಮದಿಗೆ ಹಾಕುವ ಫಲಕಕ್ಕೆ ಕಾಗದದ ಮೇಲಿನ ಗರಿಷ್ಠ ತೂಕ ಸಾಕು, ಅದನ್ನು ಯಾವ ಪೇದೆಯಾದರೂ ನಿಂತಲ್ಲೇ ಓದಬಹುದು.

ಎರಡನೆಯದು, ಫಲಕ ನಿಂತ ಜಾಗ. ಅದನ್ನು ನಡುರಸ್ತೆಯ ಬಾಯಲ್ಲೇ ಹಾಕಿದ್ದೆವು. ಅಲ್ಲಿಗೆ ಬಂದ ಲಾರಿ ತಿರುಗಿಕೊಳ್ಳಲು ಜಾಗವೇ ಇಲ್ಲ. ಹಿಂದೆ ಹಾರ್ನ್ ಹೊಡೆಯುವ ಸಾಲು. ಡ್ರೈವರ್ ಮಾಡುವುದೇನು? ಒಂದೋ ನುಗ್ಗುತ್ತಾನೆ, ಇಲ್ಲವೇ ಪಕ್ಕಕ್ಕೆ ತಿರುಗಿ ಹಿಂಬೀದಿಗೆ ಇಳಿಯುತ್ತಾನೆ. ಎರಡೇ ವಾರದಲ್ಲಿ ಹಿಂಬೀದಿಯವರ ಅರ್ಜಿ ಬಂತು.

ಮೂರನೆಯದು ರಾತ್ರಿ. ಊರ ಹೊರಗೆ ಲಾರಿಗಳು ಸಾಲುಗಟ್ಟಿ ಕಾಯುತ್ತಿದ್ದವು. 9 ಗಂಟೆಗೆ ಎಲ್ಲವೂ ಒಟ್ಟಿಗೆ ಒಳಗೆ. ಮುಂಚೆ ದಿನವಿಡೀ ಹರಡಿದ್ದ ಸದ್ದು ಈಗ ಮಕ್ಕಳು ಮಲಗುವ ಹೊತ್ತಿಗೆ ಬಂದು ಸೇರಿತು. ಖಾಲಿ ಲಾರಿ ಲೋಡ್ ತುಂಬಿದ ಲಾರಿಗಿಂತ ಜಾಸ್ತಿ ಗಡಗಡ ಅನ್ನುತ್ತದೆ ಅಂತ ನನಗೆ ತಿಳಿದದ್ದು ಆಗಲೇ. ಇದು ಹೊಸ ಪಾಠವೂ ಅಲ್ಲ. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲೇ, ಜೂಲಿಯಸ್ ಸೀಸರನ ಕಾಲದ ಕಾನೂನು ರೋಮ್ ನಗರದೊಳಗೆ ಹಗಲು ಹೊತ್ತು ಸರಕಿನ ಗಾಡಿಗಳನ್ನು ನಿಲ್ಲಿಸಿತ್ತು. ದೇವಾಲಯ ಕಟ್ಟುವ ಸಾಮಾನಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಗಾಡಿಗಳು ರಾತ್ರಿಗೆ ಜರುಗಿದವು, ಊರಿನ ನಿದ್ದೆ ಹೋಯಿತು. ಎರಡು ಸಾವಿರ ವರ್ಷ ಆದ ಮೇಲೆ ನಾವೂ ಅದನ್ನೇ ಮಾಡಿದ್ದೆವು.

ಇನ್ನು ವ್ಯಾಪಾರಿಗಳು. ಹಗಲು ಸರಕು ಬೇಕಾದವರು ಊರಾಚೆ ದೊಡ್ಡ ಲಾರಿಯಿಂದ ಇಳಿಸಿ ಸಣ್ಣ ಗಾಡಿಗಳಿಗೆ ತುಂಬಿಸಿದರು. 10 ಟನ್ ಸರಕಿಗೆ ಒಂದು ಟನ್ನಿನ ಹತ್ತು ಗಾಡಿ. ಡಾಂಬರಿಗೆ ಇದರಿಂದ ಲಾಭವೇ. ಆದರೆ ಶಾಲೆಯ ಮುಂದೆ ಒಂದು ದೊಡ್ಡ ವಾಹನ ದಾಟುತ್ತಿದ್ದಲ್ಲಿ ಈಗ ಹತ್ತು ಗಾಡಿ, ಅದೂ ಅವಸರದಲ್ಲಿ, ಎಲ್ಲೆಂದರಲ್ಲಿ ನಿಲ್ಲಿಸಿಕೊಂಡು.

ಕೆಲವೇ ವಾರಗಳಲ್ಲಿ ಆದೇಶ ರದ್ದು ಮಾಡುವ ನಿರ್ಣಯ ಸಭೆಯ ಮುಂದೆ ಬಂತು. ಚಪ್ಪಾಳೆ ಹೊಡೆದವರೇ ತಂದದ್ದು.

ಒಂದು ಪ್ರಶ್ನೆ

ರದ್ದಾಗಿಯೇ ಹೋಗುತ್ತಿತ್ತು. ಮತಕ್ಕೆ ಹಾಕುವ ಮುಂಚೆ, ಅಲ್ಲಿಯವರೆಗೂ ಸುಮ್ನೆ ಕೂತಿದ್ದ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತರು.

“ಅಧ್ಯಕ್ಷರೇ, ಈ ಲಾರಿಗಳಲ್ಲಿ ನಮ್ಮ ಊರಿಗೆ ಬರುವವು ಎಷ್ಟು, ನಮ್ಮ ಊರನ್ನು ದಾಟಿ ಹೋಗುವವು ಎಷ್ಟು? ಯಾರಿಗಾದರೂ ಗೊತ್ತಾ?”

ಅಧ್ಯಕ್ಷರು ನನ್ನ ಕಡೆ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಟ್ಟು ಎಷ್ಟು ಲಾರಿ ಅನ್ನುವ ಎಣಿಕೆ ಇತ್ತು. ಯಾಕೆ ಬರುತ್ತವೆ ಅನ್ನುವುದು ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಆ ಪ್ರಶ್ನೆಯಲ್ಲಿ. ರದ್ದು ನಿರ್ಣಯವನ್ನು ಮುಂದೂಡಿ, ಎಣಿಸಿ ಬನ್ನಿ ಅಂದರು.

ಎಣಿಸುವ ವಿಧಾನ ಬಹಳ ಸರಳ. ದುಬಾರಿ ಕ್ಯಾಮೆರಾ ಏನೂ ಬೇಕಾಗಿಲ್ಲ. ನಡುರಸ್ತೆಯ ಎರಡೂ ತುದಿಯಲ್ಲಿ ಇಬ್ಬಿಬ್ಬರು ಕೂತರು. ಬಂದ ಲಾರಿಯ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ, ಎಷ್ಟು ಆಕ್ಸಲ್, ಗಂಟೆ ನಿಮಿಷ ಬರೆದುಕೊಂಡರು. ಸಂಜೆ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಹೊಂದಿಸಿದೆವು. ಒಂದು ತುದಿಯಲ್ಲಿ ಹೊಕ್ಕು, ರಸ್ತೆ ದಾಟಲು ಬೇಕಾಗುವಷ್ಟೇ ಹೊತ್ತಿನಲ್ಲಿ ಇನ್ನೊಂದು ತುದಿಯಲ್ಲಿ ಹೊರಬಿದ್ದರೆ ಅದು ಹಾದುಹೋದ ಲಾರಿ. ತಡವಾಗಿ ಬಂದರೆ, ಅಥವಾ ಬಂದ ದಾರಿಯಲ್ಲೇ ವಾಪಸ್ ಹೋದರೆ, ಊರೊಳಗೆ ಕೆಲಸ ಇತ್ತು ಅಂತ ಅರ್ಥ. ಒಂದೇ ದಿನದ ಎಣಿಕೆ ನಂಬಬಾರದು ಅಂತ ಸಂತೆ ದಿನ, ಸಾಮಾನ್ಯ ದಿನ, ರಜಾ ದಿನ ಮೂರನ್ನೂ ತೆಗೆದುಕೊಂಡೆವು. ನಿವಾಸಿಗಳ ಕಡೆಯವರೊಬ್ಬರು, ಲಾರಿ ಮಾಲೀಕರ ಕಡೆಯವರೊಬ್ಬರು ಒಂದೇ ಬೆಂಚಿನ ಮೇಲೆ ಕೂತು ಬರೆದರು. ಇದನ್ನು ಬೇಕೆಂದೇ ಮಾಡಿದ್ದು. ಆಮೇಲೆ ಲೆಕ್ಕದ ಬಗ್ಗೆ ಒಬ್ಬರೂ ತಕರಾರು ಎತ್ತಲಿಲ್ಲ.

ಅರ್ಧಕ್ಕಿಂತ ಜಾಸ್ತಿ ಲಾರಿಗಳಿಗೆ ನಮ್ಮ ಊರಿನಲ್ಲಿ ಏನೂ ಕೆಲಸ ಇರಲಿಲ್ಲ. ಜಾಸ್ತಿ ಆಕ್ಸಲ್‌ಗಳ ಉದ್ದ ಲಾರಿಗಳಲ್ಲಂತೂ ಬಹುಪಾಲು ಹಾದುಹೋಗುವವೇ. ವ್ಯಾಪಾರಿಗಳು ಮತ್ತು ನಿವಾಸಿಗಳು ಅಲ್ಲಿಯವರೆಗೆ ಜಗಳವಾಡುತ್ತಿದ್ದದ್ದು ಇಬ್ಬರಿಗೂ ಬೇಡದ ಲಾರಿಗಳ ಬಗ್ಗೆ!

ಕ್ಯಾಬಿನ್ನಿನಲ್ಲಿ

ರಿಂಗ್ ರಸ್ತೆ ಇರುವಾಗ ಇವರು ಊರೊಳಗೆ ಯಾಕೆ ಬರುತ್ತಾರೆ? ಟೀ ಅಂಗಡಿಯ ಹತ್ತಿರ ನಿಂತಿದ್ದ ಒಬ್ಬ ಡ್ರೈವರನ್ನು ಕೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. “ಹತ್ತಿ ಸರ್, ತೋರಿಸ್ತೀನಿ” ಅಂದರು. ಹತ್ತಿದೆ.

ಮೊದಲು ಕಂಡದ್ದು ಬೇರೆಯೇ. ಅಷ್ಟು ಎತ್ತರದಲ್ಲಿ ಕೂತರೆ ದೂರದ ರಸ್ತೆಯೆಲ್ಲ ಚೆನ್ನಾಗಿ ಕಾಣುತ್ತದೆ. ಬಾಗಿಲ ಪಕ್ಕದಲ್ಲಿ ಏನಿದೆ ಅಂತ ಮಾತ್ರ ಕಾಣುವುದಿಲ್ಲ. ಅವರ ಕ್ಲೀನರ್ ಕೆಳಗಿಳಿದು ನನ್ನ ಕಡೆಯ ಬಾಗಿಲಿಗೆ ಅಂಟಿಕೊಂಡು ನಿಂತ. ಕಿಟಕಿಯಿಂದ ಅವನ ತಲೆಯೂ ಕಾಣಲಿಲ್ಲ. ಕನ್ನಡಿಯಲ್ಲಿ ಹುಡುಕಿದರೆ ಭುಜದ ಒಂದು ಚೂರು. ಆ ಹುಡುಗಿ ನಿಂತಿದ್ದದ್ದು ಇಲ್ಲೇ ಅಲ್ವಾ ಅಂತ ಹೊಟ್ಟೆಯಲ್ಲಿ ಸಂಕಟ ಆಯಿತು. ಲಂಡನ್ನಿನಲ್ಲಿ 12 ಟನ್ ಮೀರಿದ ಲಾರಿಗಳಿಗೆ, ಡ್ರೈವರಿಗೆ ಕಿಟಕಿಯಿಂದ ನೇರವಾಗಿ ಎಷ್ಟು ಕಾಣುತ್ತದೆ ಅಂತ ಅಳೆದು ನಕ್ಷತ್ರ ಕೊಡುವ ನಿಯಮ ಇದೆ. 2021ರ ಮಾರ್ಚಿನಲ್ಲಿ ಜಾರಿಗೆ ಬಂತು, 2024ರ ಅಕ್ಟೋಬರಿನಲ್ಲಿ ಕನಿಷ್ಠ ಮೂರು ನಕ್ಷತ್ರ ಅಂತ ಬಿಗಿ ಮಾಡಿದರು. ಅಷ್ಟು ಇಲ್ಲದ ಲಾರಿಗಳು ಕ್ಯಾಮೆರಾ, ಸೆನ್ಸರ್ ಹಾಕಿಸಿಕೊಳ್ಳಬೇಕು. ನಿಯಮದ ಬಗ್ಗೆ ಓದಿದ್ದೆ. ಅದು ಯಾಕೆ ಬೇಕು ಅಂತ ಮೈಗೆ ತಿಳಿದದ್ದು ಆ ಸೀಟಿನಲ್ಲಿ.

ಆಮೇಲೆ ರಿಂಗ್ ರಸ್ತೆಗೆ ಹೋದೆವು. ಚೆನ್ನಾಗಿಯೇ ಇತ್ತು, ಒಂದು ಕಡೆ ಬಿಟ್ಟು. ಕಾರ್ಖಾನೆಗಳ ಹತ್ತಿರ ರಸ್ತೆ ಒಂದು ಮೋರಿಯ ಮೇಲೆ ಒಮ್ಮೆಲೇ ತಿರುಗುತ್ತದೆ. ತಿರುವಿನ ಒಳಮೂಲೆಗೆ ಸರಿಯಾಗಿ ಮೋರಿಯ ಕಟ್ಟೆ. ಕಾರು, ಬಸ್ಸು ಹೋಗುತ್ತವೆ. ಇಷ್ಟು ಉದ್ದದ ಲಾರಿ ಹೋಗುವುದಿಲ್ಲ. ಅವರು ನಿಲ್ಲಿಸಿ ಕಟ್ಟೆಯ ಮೇಲೆ ಉಜ್ಜಿದ ಬಣ್ಣಗಳನ್ನು ತೋರಿಸಿದರು. ಹಸಿರು, ಕಿತ್ತಳೆ, ಕಂದು. ಒಂದೊಂದು ಬಣ್ಣ ಒಂದೊಂದು ಲಾರಿಯದ್ದು. ನಾವು ಹಾಕಿದ ಫಲಕ ಇವರನ್ನು ಎಲ್ಲಿಗೆ ಹೋಗಿ ಅನ್ನುತ್ತಿತ್ತೋ ಅಲ್ಲಿಗೆ ಇವರು ಹೋಗಲು ಸಾಧ್ಯವೇ ಇರಲಿಲ್ಲ. ಜೊತೆಗೆ, ಹೊಸ ಡ್ರೈವರುಗಳ ಫೋನಿನ ನಕ್ಷೆ ಕಾರಿಗೆ ಮಾಡಿದ್ದು. ಅದಕ್ಕೆ ತೂಕ, ಉದ್ದ ಏನೂ ಗೊತ್ತಿಲ್ಲ. ಹತ್ತಿರದ ದಾರಿ ಅಂತ ನಡುರಸ್ತೆಯನ್ನೇ ತೋರಿಸುತ್ತಿತ್ತು.

ಎರಡನೇ ಆದೇಶ

ಈ ಸಲ ಬರೆಯುವ ಕ್ರಮವನ್ನೇ ತಿರುಗಿಸಿದೆ. ಲಾರಿ ಎಲ್ಲಿ ಹೋಗಬೇಕು ಅನ್ನುವುದು ಮೊದಲು. ಎಲ್ಲಿ ಹೋಗಬಾರದು ಅನ್ನುವುದು ಆಮೇಲೆ. ಲಂಡನ್ನಿನಲ್ಲಿ 1985ರಿಂದ ರಾತ್ರಿ ಮತ್ತು ವಾರಾಂತ್ಯಕ್ಕೆ 18 ಟನ್ ಮೀರಿದ ಲಾರಿಗಳ ಮೇಲೆ ಇರುವ ನಿಯಂತ್ರಣ ಹೀಗೇ ಇದೆ. ಕೆಲವು ದೊಡ್ಡ ರಸ್ತೆಗಳು ಲಾರಿಗಳಿಗೆ ಮುಕ್ತ. ಒಳಬೀದಿಗೆ ಸರಕು ಒಯ್ಯಬೇಕಾದವರು ಅನುಮತಿ ಪಡೆದು, ಆ ದೊಡ್ಡ ರಸ್ತೆಗಳಲ್ಲೇ ಆದಷ್ಟು ದೂರ ಹೋಗಿ, ಕೊನೆಯ ತುಂಡಿಗೆ ಮಾತ್ರ ಒಳಗೆ ಇಳಿಯಬೇಕು.

ಮೋರಿಯ ತಿರುವು ಅಗಲ ಆಗುವವರೆಗೆ ಹೊಸ ಆದೇಶ ಜಾರಿಯಾಗಬಾರದು ಅಂತ ಆದೇಶದಲ್ಲೇ ಬರೆದೆವು. ಇದಕ್ಕೆ ಸಭೆಯಲ್ಲಿ ತುಂಬಾ ವಿರೋಧ ಬಂತು. ಅಲ್ಲಿಯವರೆಗೆ ಮಕ್ಕಳ ಗತಿ ಏನು ಅಂತ ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೇ ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಮಾತ್ರ ಆ ಸಿಗ್ನಲ್ಲಿನಲ್ಲಿ ಉದ್ದ ಲಾರಿಗಳು ತಿರುಗದಂತೆ ಪೇದೆ ನಿಲ್ಲಿಸಿದೆವು. ಲಾರಿ ನಿಲ್ಲುವ ಗೆರೆಯನ್ನು ಹಿಂದಕ್ಕೆ ಎಳೆದು, ಮುಂದೆ ಸೈಕಲ್ಲುಗಳಿಗೆ ಜಾಗ ಬಿಟ್ಟೆವು. ಡ್ರೈವರ್ ಎದುರಿಗೇ ಸೈಕಲ್ ನಿಂತರೆ ಕಾಣುತ್ತದೆ.

ತಿರುವು ಸರಿಯಾದ ದಿನದಿಂದ ಹಾದುಹೋಗುವ ಭಾರಿ ಲಾರಿಗಳಿಗೆ ನಡುರಸ್ತೆ, ಹಿಂಬೀದಿ ಎರಡೂ ಇಡೀ ದಿನ ಬಂದ್. ತೂಕ ಅಂದರೆ ನೋಂದಣಿ ಪತ್ರದ ಗರಿಷ್ಠ ತೂಕ. ಊರೊಳಗೆ ಸರಕು ತರುವವರಿಗೆ ಶಾಲೆಯ ಹೊತ್ತು ಬಿಟ್ಟು ಹಗಲಲ್ಲೇ ಅವಕಾಶ, ಕೈಯಲ್ಲಿ ಸರಕಿನ ಚೀಟಿ ಇರಬೇಕು. ಮಾರುಕಟ್ಟೆಯ ಹಿಂದೆ ಇಳಿಸಲು ಗುರುತು ಹಾಕಿದ ಜಾಗ. ಮೊದಲ ಫಲಕ ಹೆದ್ದಾರಿಯಲ್ಲೇ, ರಿಂಗ್ ರಸ್ತೆಗೆ ತಿರುಗಲು ಇನ್ನೂ ಸಾಧ್ಯವಿರುವಾಗಲೇ ಕಾಣುವಂತೆ.

ಗೋಡೆ ಅದುರುತ್ತದೆ ಅಂತ ವರ್ಷಗಟ್ಟಲೆ ಬರೆದಿದ್ದ ಒಬ್ಬ ಅಜ್ಜಿಯ ಮನೆಗೂ ಹೋದೆವು. ಕಪಾಟಿನ ಮೇಲೆ ಲೋಟದಲ್ಲಿ ನೀರಿಟ್ಟು ಕಾದು ಕೂತೆವು. ಬಸ್ಸು ಹೋದಾಗಲೂ ನೀರು ನಡುಗಿತು, ಲಾರಿಗೆ ಎಷ್ಟೋ ಅಷ್ಟೇ. ಹೊರಗೆ ಬಂದು ನೋಡಿದರೆ ಮನೆಯ ಮುಂದಿನ ಮ್ಯಾನ್‌ಹೋಲ್ ಮುಚ್ಚಳ ರಸ್ತೆಯ ಮಟ್ಟಕ್ಕಿಂತ ಕುಸಿದಿತ್ತು. ಅದುರಿಕೆ ಹುಟ್ಟುವುದು ಬಹುಪಾಲು ಚಕ್ರ ಇಂಥ ತಗ್ಗಿಗೆ ಬಿದ್ದು ಏಳುವಾಗ. ಮುಚ್ಚಳ ಎತ್ತಿ ಸಮ ಮಾಡಿಸಿದೆವು. ನಿಷೇಧಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಷ್ಟು ವರ್ಷದ ಅರ್ಜಿಗಳನ್ನು ಓದಿ ಒಬ್ಬರಾದರೂ ಅಲ್ಲಿಗೆ ಹೋಗಿದ್ದರೆ ಯಾವತ್ತೋ ಮುಗಿಯುತ್ತಿತ್ತು. ಆ ಅಜ್ಜಿಯ ಹತ್ತಿರ ನಾನು ಕ್ಷಮೆ ಕೇಳಿದೆ.

ಆಮೇಲೆ

ಎರಡನೇ ಆದೇಶಕ್ಕೆ ಚಪ್ಪಾಳೆ ಬೀಳಲಿಲ್ಲ. ನಾಲ್ಕೈದು ಸದಸ್ಯರು ವಿರುದ್ಧ ಮತ ಹಾಕಿದರು. ಆದರೆ ಇದು ಉಳಿಯಿತು. ಉದ್ದ ಲಾರಿಗಳು ನಡುರಸ್ತೆಯಿಂದ ಬಹುತೇಕ ಹೋದವು, ಪೊಲೀಸರು ಹಿಡಿದದ್ದಕ್ಕಿಂತ ಜಾಸ್ತಿ ರಿಂಗ್ ರಸ್ತೆ ಈಗ ಸಲೀಸಾಗಿದೆ ಅನ್ನುವುದಕ್ಕೇ. ವ್ಯಾಪಾರಿಗಳು ಹತ್ತು ಸಣ್ಣ ಗಾಡಿ ಬಿಟ್ಟು ಮತ್ತೆ ಒಂದು ಲಾರಿಗೆ ಬಂದರು. ಸಿಗ್ನಲ್ಲಿನ ಮೂಲೆಗೆ ಹೊಸ ಅಂಚುಕಲ್ಲು ಹಾಕಿಸಿದೆವು. ನಾನು ಆ ಕಡೆ ಹೋದಾಗಲೆಲ್ಲ ಅದನ್ನು ಒಮ್ಮೆ ನೋಡುತ್ತೇನೆ. ಚೂಪು ಹಾಗೇ ಇದೆ, ಟೈರಿನ ಕಪ್ಪು ಇಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಬಿಟ್ಟಿಲ್ಲ. ರಿಂಗ್ ರಸ್ತೆಯ ಪಕ್ಕದಲ್ಲಿ, ಮೋರಿಯ ಆಚೆ, ಒಂದು ಸಾಲು ಮನೆಗಳಿವೆ. ಮುಂಚೆ ಅಲ್ಲಿ ಲಾರಿ ಬರುತ್ತಿರಲಿಲ್ಲ. ಈಗ ಎಲ್ಲವೂ ಅವರ ಬಾಗಿಲ ಮುಂದೆ. ಅವರು ಬಾಡಿಗೆಗೆ ಇರುವವರು, ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು. ನಮ್ಮ ಯಾವ ಸಭೆಗೂ ಅವರಲ್ಲಿ ಒಬ್ಬರೂ ಬಂದಿರಲಿಲ್ಲ, ನಾವು ಕರೆದಿರಲೂ ಇಲ್ಲ. ಲಾರಿ ಎಲ್ಲಿ ಹೋಗಬೇಕು ಅಂತ ಬರೆದಾಗ ಅಲ್ಲಿ ಯಾರು ಇದ್ದಾರೆ ಅಂತ ನಾನು ನೋಡಬೇಕಿತ್ತು.

ಆರು ತಿಂಗಳಿಗೆ ಮರುಪರಿಶೀಲನೆ ಮಾಡಬೇಕು ಅಂತ ಆದೇಶದಲ್ಲಿ ಬರೆದಿದ್ದೆವು. ಆ ಸಭೆಗೆ ಮುಂಚೆ ನಾನೇ ಆ ಸಾಲಿನ ಮನೆಮನೆಗೆ ಹೋಗಿ ದಿನ, ಹೊತ್ತು ಹೇಳಿ ಬಂದೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಒಬ್ಬ ಹೆಂಗಸು ಬಾಗಿಲು ತೆಗೆದು, ಹಗಲಲ್ಲಿ ಎಷ್ಟು ಲಾರಿ ಹೋಗುತ್ತವೆ ಅಂತ ಬರೆದಿಟ್ಟಿದ್ದೇನೆ, ತರಬಹುದಾ ಅಂತ ಕೇಳಿದರು. ಹಳೆಯ ನೋಟ್‌ಬುಕ್ಕು. ತಾರೀಖು, ಗಂಟೆ, ಪಕ್ಕದಲ್ಲಿ ಗೀಟುಗಳು. ತನ್ನಿ ಅಂದೆ. ಸಭೆಯ ಮೊದಲ ವಿಷಯವಾಗಿ ಅದನ್ನೇ ಹಾಕಿಸಿದೆ.